ವೀಬಕ್ಕ

ಬೆಟಗೇರಿ ಮಿಶನ್ ಕಂಪೌಂಡಿನ ಬೇವಿನ ಕೆಳಗೆ
ಸಭಾಪಾಲಕರು ಪಟ್ಟಿ ಓದಿದರು,
ಯಾರ ಮನೆಗೆ ಎಷ್ಟು ಮಂದಿ ಜರ್ಮನಿಯವರು.
ಕಮೋಡ್ ಇದ್ದವರಿಗೆ ಇಬ್ಬಿಬ್ಬರು,
ಎ.ಸಿ. ಇದ್ದ ಡಾಕ್ಟರ್ ಮನೆಗೆ ಅವರ ಹಾಡಿನ ಮಾಸ್ತರು.
ನಮ್ಮ ಹೆಸರು ಪಟ್ಟಿಯಲ್ಲೇ ಇರಲಿಲ್ಲ.
ಅಪ್ಪ ಕೆಮ್ಮಿದ.
ಆ ಕೆಮ್ಮಿಗೆ ಒಬ್ಬಳು ಬಂದಳು.

ವೀಬ್ಕೆ, ಎಂದು ಕಾಗದದ ಮೇಲೆ ಬರೆದು ತೋರಿಸಿದಳು.
ನಾನು ಓದಿ ಹೇಳಿದೆ. ಅಜ್ಜಿ ರೂತವ್ವ
ಅದನ್ನು ಹಲ್ಲಿಲ್ಲದ ಬಾಯಲ್ಲಿ ಒಂದು ಸುತ್ತು ತಿರುಗಿಸಿ
ವೀಬಕ್ಕಾ ಎಂದಳು.
ಅಲ್ಲಿಗೆ ನೆಂಟಸ್ತಿಕೆ ಕುದುರಿತು.

ದನಿ ಮಾತ್ರ ದಾರಿಯಲ್ಲೆಲ್ಲೋ ಬಿದ್ದುಹೋಗಿತ್ತು.
ಹಾಡಲು ಬಂದವಳು ಪಿಸುಗುಡುತ್ತಿದ್ದಳು.
ವೀಳ್ಯದೆಲೆಯ ರಸ, ಕಾಳುಮೆಣಸು, ಬಿಸಿ ಉಪ್ಪುನೀರು,
ಅಜ್ಜಿ ಕೊಟ್ಟದ್ದನ್ನೆಲ್ಲ ಕಣ್ಣು ಮುಚ್ಚಿ ನುಂಗಿದಳು.

ಮರುದಿನ ಬಚ್ಚಲಲ್ಲಿ ಮುಕ್ಕಾಲು ತಾಸು.
ಹತ್ತು ದಿನದ ನೀರು
ಮೋರಿಯಲ್ಲಿ ಗುಳುಗುಳು ನಗುತ್ತ ಹೋಯಿತು.
ಅವ್ವ ಕದದ ಹೊರಗೆ ನಿಂತು ತಂಬಿಗೆ ಎಣಿಸಿದಳು,
ಮೂವತ್ತೆರಡಕ್ಕೆ ಎಣಿಕೆ ಬಿಟ್ಟಳು.
ತನಗೆ ನೆಗಡಿ ಎಂದು ಅಂದು ತಾನು ಮೀಯಲಿಲ್ಲ.
ಸಂಜೆ ನಾನು ಆಚೆ ಓಣಿಯಿಂದ
ಎರಡು ಕೊಡ ಹೊತ್ತು ಬರುವುದನ್ನು ವೀಬಕ್ಕ ನೋಡಿದಳು,
ಖಾಲಿ ಹಂಡೆ ನೋಡಿದಳು, ಅವ್ವನನ್ನು ನೋಡಿದಳು.
ಕಿವಿಯೆರಡೂ ಕೆಂಪಾದವು.
ಮರುದಿನ ಅರ್ಧ ಬಕೀಟಿನಲ್ಲಿ ಮುಗಿಸಿ ಬಂದವಳಿಗೆ
ಬೆನ್ನಿನ ಸಾಬೂನು ಹೋಗಿರಲಿಲ್ಲ.

ಶುಕ್ರವಾರ ರಾತ್ರಿ ಎರಡೂವರೆಗೆ ಓಣಿ ಕೂಗಿತು:
ನೀರ ಬಂತ್ರೀ, ಏಳ್ರೀ!
ಮನೆಮನೆಯ ಮೋಟಾರು ಒಮ್ಮೆಲೇ ಗುರುಗುಟ್ಟಿದವು.
ಬಕೀಟು, ಹಂಡೆ, ನೂಲಿಗೆ ಬಣ್ಣ ಹಾಕುವ ಬ್ಯಾರಲ್ಲು,
ಅಡುಗೆಮನೆಯ ಕೊನೆಯ ಚರಿಗೆಯೂ ಸಾಲಿಗೆ ಬಂತು.
ಕೂದಲು ಬಿಚ್ಚಿಕೊಂಡೇ ಅವಳೂ ಎದ್ದು ಬಂದು
ನನ್ನ ಕೈಯಿಂದ ಪೈಪು ಕಿತ್ತುಕೊಂಡಳು.

ಕೊಡ ತುಂಬುವಾಗ ದನಿ ಏರುತ್ತದೆ.
ನಮಗದು ಗೊತ್ತಿತ್ತು, ಕರೆಂಟು ಹೋದಾಗ
ಕಿವಿಯಿಂದಲೇ ಅಳೆದು ಪೈಪು ಸರಿಸುವವರು ನಾವು.
ಆದರೆ ಯಾರೂ ಅದರ ಬೆನ್ನು ಹತ್ತಿರಲಿಲ್ಲ.
ಅವಳು ತಾಮ್ರದ ಕೊಡಕ್ಕೆ ಕಿವಿ ಹಚ್ಚಿ
ಹೂಂ, ಎಂದಳು.
ಜಂಗು ಹಿಡಿದ ಕದದಂಥ ಒಡಕು ದನಿ.
ನೀರು ಏರಿದಂತೆ ತಾನೂ ಏರಿದಳು,
ಕಂಠದವರೆಗೆ, ಅಂಚಿನವರೆಗೆ.
ಅವ್ವ ಪೈಪು ಎತ್ತಿದಳು. ದನಿ ಅಲ್ಲೇ ನಿಂತಿತ್ತು.

ನಿಂತ ಜಾಗದಿಂದ ಅಜ್ಜಿ ಎತ್ತಿಕೊಂಡಳು,
ಭಾನುವಾರದ ಒಂದು ಹಳೆಯ ಕೀರ್ತನೆ.
ಆ ರಾಗ ಅವರ ನಾಡಿನಿಂದ ಹಡಗಿನಲ್ಲಿ ಬಂದದ್ದಂತೆ.
ನಮ್ಮ ಓಣಿಯಲ್ಲಿ ಅಜ್ಜಿಯ ಅಜ್ಜಿಯ ಕಾಲದಿಂದ
ಲಾಳಿಯ ಜೊತೆ ಅತ್ತಿತ್ತ ಓಡಾಡಿ
ಮೂಲೆಗಳೆಲ್ಲ ಸವೆದು,
ನಡುವೆ ಅಲ್ಲಲ್ಲಿ ಜಗ್ಗಿಕೊಂಡಿತ್ತು.
ವೀಬಕ್ಕ ಗುರುತು ಹಿಡಿದಳು. ತಲೆ ಅಲ್ಲಾಡಿಸಿದಳು, ಹಾಗಲ್ಲ ಎಂದು.
ಬೆರಳಿನಿಂದ ಗಾಳಿಯಲ್ಲಿ ಮೆಟ್ಟಿಲು ಮಾಡಿ,
ಒಡಕು ದನಿಯಲ್ಲೇ ನೆಟ್ಟಗೆ ಹತ್ತಿ ತೋರಿಸಿದಳು.
ಅಜ್ಜಿ ಪೂರ್ತಿ ಕೇಳಿದಳು.
ಛಲೋ ಐತಿ, ಆದ್ರ ನಿಂದ ತಪ್ಪೈತಿ ಬಿಡವ್ವಾ,
ಎಂದು ಮತ್ತೆ ತನ್ನಂತೆಯೇ ಜಾರಿಸಿಕೊಂಡು ಹಾಡಿದಳು.
ಬ್ಯಾರಲ್ಲು ತುಂಬಿ ಹರಿಯುವವರೆಗೂ
ಇಬ್ಬರ ವ್ಯಾಜ್ಯ ನಡೆಯಿತು.

ಆ ಥಂಡಿಗೆ, ಬಂದ ದನಿ ಮತ್ತೆ ಹೋಯಿತು.

ಭಾನುವಾರ ಗುಡಿ ತುಂಬ ಜನ.
ಎರಡನೇ ಸಾಲಿನಲ್ಲಿ ವೀಬಕ್ಕ
ಬಾಯಿ ತೆರೆದಳು, ಮುಚ್ಚಿದಳು, ಸರಿಯಾದ ಹೊತ್ತಿಗೆ ಉಸಿರೆಳೆದಳು.
ಇಪ್ಪತ್ತು ಬಾಯಿ, ಹತ್ತೊಂಬತ್ತು ದನಿ.
ನಾಲ್ಕನೇ ಬೆಂಚಿನ ನಾವು ನಾಲ್ವರು
ಲೆಕ್ಕ ಯಾರಿಗೂ ಹೇಳಲಿಲ್ಲ.
ಹೊರಗೆ ಚಪ್ಪಲಿ ಹುಡುಕುತ್ತ ಡಾಕ್ಟರ್ ಹೆಂಡತಿ ಅಂದಳು:
ನಿಮ್ಮಾಕಿ ಭಾಳ ಛಲೋ ಹಾಡಿದ್ಲ ನೋಡ್ರಿ.
ಅವ್ವ ಸೆರಗು ಸರಿಮಾಡಿಕೊಂಡಳು.
ಹೌದ್ರಿ. ಮನ್ಯಾಗೂ ಹಾಡಿದ್ಲ.

ಮುಂದಿನ ನೀರು ಹದಿಮೂರು ದಿನಕ್ಕೆ ಬಂತು.
ತಾಮ್ರದ ಕೊಡಕ್ಕೆ ಕಿವಿ ಹಚ್ಚಿ ಅಜ್ಜಿ ಕೂತೇ ಇದ್ದಳು.
ತುಂಬಿತು, ಚೆಲ್ಲಿತು, ಅವಳ ಸೀರೆ ತೊಯ್ದು
ಹೊಸ್ತಿಲ ದಾಟಿ ಓಣಿಗೆ ಹರಿಯಿತು.
ಪೈಪು ಹಿಡಿದ ಅವ್ವ
ಏನೂ ಅನ್ನಲಿಲ್ಲ.